ಕಲ್ಲು-ಮಣ್ಣು ಅಂಕಣ: ಕುದುರೆಮುಖದ ಅದಿರು, ಕೊಳವೆ ಮತ್ತು ಲಕ್ಯಾ ಕಟ್ಟೆ

ಪ್ರಶ್ನೆ: ಬಾಳೆಹೊನ್ನೂರಿನ ಬಳಿ ಭದ್ರಾ ಹೊಳೆಯ ದಂಡೆಯಲ್ಲಿ ನನ್ನ ವಿದ್ಯಾರ್ಥಿಯೊಬ್ಬನಿಗೆ ಗೆರೆಗೆರೆಯ ಭಾರದ ಕಲ್ಲು ಸಿಕ್ಕಿದೆ. ಕುಟ್ಟಿ ಪುಡಿ ಮಾಡಿ ಆಯಸ್ಕಾಂತ ಹಿಡಿದ. ಕಪ್ಪು ಪುಡಿ ಅಂಟಿಕೊಂಡಿತು, ಬಿಳಿಯದು ಉಳಿಯಿತು. ಇಡೀ ತರಗತಿ ಅದನ್ನು ಉಲ್ಕೆ ಎನ್ನುತ್ತಿದೆ. ಏನು ಹೇಳಲಿ?
- ಪ್ರೌಢಶಾಲಾ ಶಿಕ್ಷಕಿ, ಕೊಪ್ಪ

ಉತ್ತರ: ಉಲ್ಕೆಯಲ್ಲ ಮೇಡಂ. ಉಲ್ಕೆಗೆ ಇಷ್ಟು ಅಚ್ಚುಕಟ್ಟಾದ ಗೆರೆ ಇರುವುದಿಲ್ಲ. ನೀವು ಬರೆದ ಲಕ್ಷಣ ನೋಡಿದರೆ ಇದು ಮೇಲಿನ ಘಟ್ಟದಿಂದ ಉರುಳಿ ಬಂದ ಪಟ್ಟೆ ಕಬ್ಬಿಣ ಶಿಲೆ. ಕಪ್ಪು ಗೆರೆ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ, ಬಿಳಿ ಗೆರೆ ಬೆಣಚು.

ಇದರ ವಯಸ್ಸು 250 ಕೋಟಿ ವರ್ಷಕ್ಕಿಂತ ಹೆಚ್ಚು. ಆಗಿನ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಕಬ್ಬಿಣ ತುಕ್ಕು ಹಿಡಿಯದೆ ಸಮುದ್ರದ ನೀರಿನಲ್ಲೇ ಕರಗಿಕೊಂಡಿತ್ತು. ಅದು ಆಗಾಗ ತಳಕ್ಕಿಳಿದು ಪದರ ಕಟ್ಟಿತು, ನಡುನಡುವೆ ಸಿಲಿಕಾ ಕೂತಿತು. ಆಮೇಲೆ ಭೂಮಿಯ ಒಳಗಿನ ಶಾಖ, ಒತ್ತಡ ಬಿದ್ದು ಕಬ್ಬಿಣದ ಪದರ ಮ್ಯಾಗ್ನೆಟೈಟ್ ಆಯಿತು, ಸಿಲಿಕಾ ಗಟ್ಟಿ ಬೆಣಚಾಯಿತು. ಬಾಬಾಬುಡನ್‌ಗಿರಿಯ ನೆತ್ತಿಯಲ್ಲೂ ಇದೇ ಜಾತಿಯ ಕಲ್ಲಿದೆ. ಸುತ್ತಲಿನ ಮೆದು ಶಿಲೆ ಮಳೆಗೆ ಕೊಚ್ಚಿಹೋದರೂ ಇದು ಸುಲಭಕ್ಕೆ ಸವೆಯದು. ಅದಕ್ಕೇ ಏಣು ಏಣಾಗಿ ನಿಂತಿದೆ.

ಇನ್ನು ಆ ಹುಡುಗನಿಗೆ ನನ್ನ ಶಹಬ್ಬಾಸ್ ತಿಳಿಸಿ. ಕುಟ್ಟುವುದು, ಆಯಸ್ಕಾಂತ ಹಿಡಿಯುವುದು, ಉಳಿದದ್ದನ್ನು ಎಸೆಯುವುದು. ಕುದುರೆಮುಖದ ಕಾರ್ಖಾನೆ ಕಾಲು ಶತಮಾನ ಮಾಡಿದ್ದೂ ಹೆಚ್ಚುಕಡಿಮೆ ಇಷ್ಟೇ. ಹುಡುಗ ಉಳಿದ ಪುಡಿಯನ್ನು ಎಲ್ಲಿ ಎಸೆದ ಎಂದು ಕೇಳಿ ನೋಡಿ. ಆ ಪ್ರಶ್ನೆ ಮುಂದಿನ ಪತ್ರಕ್ಕೆ ಬೇಕಾಗುತ್ತದೆ.

ಪ್ರಶ್ನೆ: ನಮ್ಮ ಸಂಡೂರಿನ ಅದಿರು ಅಗೆದರೆ ನೇರ ಲಾರಿಗೆ. ಕುದುರೆಮುಖದಲ್ಲಿ ಕಾರ್ಖಾನೆ, ಪೈಪು, ಡ್ಯಾಮು ಎಂದು ಅಷ್ಟೆಲ್ಲ ಏಕೆ ಬೇಕಾಯಿತು?
- ಲಾರಿ ಮಾಲೀಕರು, ತೋರಣಗಲ್ಲು

ಉತ್ತರ: ಅದಿರು ಬಡದಾಗಿತ್ತು, ಅದಕ್ಕೆ. ಸಂಡೂರಿನ ಬೆಟ್ಟಗಳಲ್ಲಿ ಪ್ರಕೃತಿಯೇ ಸಿಲಿಕಾ ತೊಳೆದು ಹಾಕಿ ಹೆಮಟೈಟ್ ಅದಿರಿನಲ್ಲಿ ಕಬ್ಬಿಣವನ್ನು ನೂರಕ್ಕೆ ಅರವತ್ತು, ಅದಕ್ಕೂ ಮೇಲೆ ಏರಿಸಿಟ್ಟಿದೆ. ನಿಮಗೆ ಪುಕ್ಕಟೆ ಸಿಕ್ಕಿದ ಆ ಕೆಲಸವನ್ನು ಕುದುರೆಮುಖದಲ್ಲಿ ಯಂತ್ರ ಮಾಡಬೇಕಾಯಿತು. ಅಲ್ಲಿನ ಕಲ್ಲಿನಲ್ಲಿ ಕಬ್ಬಿಣ ನೂರಕ್ಕೆ ಸುಮಾರು 38. ಮೈಸೂರಿನ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ 1913ರಲ್ಲೇ ಈ ನಿಕ್ಷೇಪ ಗುರುತಿಸಿದ್ದರೂ ಅರವತ್ತು ವರ್ಷ ಯಾರೂ ದೊಡ್ಡದಾಗಿ ಕೈಹಾಕಲಿಲ್ಲ. ಏಳು ಸಾವಿರ ಮಿಲಿಮೀಟರ್‌ವರೆಗೆ ಮಳೆ ಸುರಿಯುವ ಕಾಡು, ಕಡಿದಾದ ಘಟ್ಟ, ಅದರ ಮೇಲೆ ಬಡ ಅದಿರು. ಯಾರು ತಾನೇ ಬಂಡವಾಳ ಹಾಕಿಯಾರು?

ಒಂದೇ ಅನುಕೂಲ ಆ ಕಲ್ಲಿನ ಆಯಸ್ಕಾಂತದ ಗುಣ. ನುಣ್ಣಗೆ ಅರೆದರೆ ಕಬ್ಬಿಣದ ಕಣವನ್ನು ಬೆಣಚಿನಿಂದ ಎಳೆದು ಬೇರ್ಪಡಿಸಬಹುದು. ಹಾಗೆ ಮಾಡಿ 67ರವರೆಗೆ ಏರಿಸಿದರು. ಆ ಪುಡಿಗೆ ನೀರು ಕಲಸಿ, ದೋಸೆ ಹಿಟ್ಟಿನ ಹದದ ಸ್ಲರಿ ಮಾಡಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಬಿಟ್ಟರು. ಘಟ್ಟದ ಇಳಿಜಾರೇ ಅದನ್ನು ಕೆಳಗೆ ಒಯ್ಯುತ್ತಿತ್ತು. ಲಾರಿ ಮಾಲೀಕರಿಗೆ ಈ ಸುದ್ದಿ ರುಚಿಸಲಿಕ್ಕಿಲ್ಲ, ಆದರೆ ಎಂಜಿನಿಯರಿಂಗ್ ಮಟ್ಟಿಗೆ ಅದು ಚಂದದ ಕೆಲಸ. ನುಣ್ಣನೆಯ ಪುಡಿಯನ್ನು ಊದುಕುಲುಮೆಗೆ ಹಾಗೇ ಹಾಕಲು ಬಾರದು, ಉಂಡೆ ಕಟ್ಟಬೇಕು. ಅದಕ್ಕೆ 1987ರಲ್ಲಿ ಮಂಗಳೂರಿನಲ್ಲಿ ಪೆಲೆಟ್ ಘಟಕ ಬಂತು.

ಈಗ ಲೆಕ್ಕ ಹಾಕಿ. ಮೂರು ಟನ್ ಕಲ್ಲು ಅರೆದರೆ ಸುಮಾರು ಒಂದು ಟನ್ ಮಾಲು, ಎರಡು ಟನ್ ಕಸ. ಕಾರ್ಖಾನೆಯ ಸಾಮರ್ಥ್ಯ ವರ್ಷಕ್ಕೆ 75 ಲಕ್ಷ ಟನ್ ಮಾಲು. ಪೂರ್ತಿ ನಡೆದರೆ ಕಸ ಒಂದೂವರೆ ಕೋಟಿ ಟನ್! ಅದನ್ನು ಹೊಳೆಗೆ ಬಿಡುವಂತಿಲ್ಲ, ಏಕೆಂದರೆ ಹೊಳೆ ಭದ್ರಾ. ಹಾಗಾಗಿ ಭದ್ರೆಗೆ ಸೇರುವ ಲಕ್ಯಾ ಹಳ್ಳಕ್ಕೆ ಅಡ್ಡವಾಗಿ ಸುಮಾರು ನೂರು ಮೀಟರ್ ಎತ್ತರದ ಮಣ್ಣಿನ ಕಟ್ಟೆ ಕಟ್ಟಿದರು. ಕಣಿವೆಯಲ್ಲಿ ಈಗ ನಿಂತಿರುವುದು ಬರೀ ನೀರಲ್ಲ. ಕೆಳಗೆ ಬೆಣಚಿನ ನುಣ್ಣನೆ ಹೂಳಿದೆ.

ಕುದುರೆಮುಖದ ಬಗ್ಗೆ ಜನ ಗಣಿಯ ಗುಂಡಿಯನ್ನೇ ತೋರಿಸಿ ಮಾತಾಡುತ್ತಾರೆ. ನನ್ನನ್ನು ಕೇಳಿದರೆ ನೋಡಬೇಕಾದ್ದು ಲಕ್ಯಾವನ್ನು. ಗಣಿ ಮುಚ್ಚಿತು, ಕೊಳವೆಯಲ್ಲಿ ಸ್ಲರಿ ನಿಂತಿತು, ಕ್ವಾರ್ಟರ್ಸ್ ಖಾಲಿಯಾಯಿತು. ಆ ಕಟ್ಟೆಗೆ ಮಾತ್ರ ನಿವೃತ್ತಿ ಇಲ್ಲ. ಪ್ರತಿ ಆಷಾಢದಲ್ಲಿ ಯಾರಾದರೂ ಹೋಗಿ ಅದರ ಮೈ ನೋಡಬೇಕು, ಹೆಚ್ಚಾದ ನೀರು ಹೊರಹೋಗುವ ದಾರಿ ಕಟ್ಟಿಕೊಂಡಿಲ್ಲ ತಾನೇ ಎಂದು ನೋಡಬೇಕು. ಮೊಮ್ಮಕ್ಕಳ ಕಾಲಕ್ಕೂ ನೋಡಬೇಕು. ಅದಿರಿನ ದರ ಕಟ್ಟುವಾಗ ಈ ಖರ್ಚನ್ನು ಯಾವ ಗಿರಾಕಿಯೂ ಪೂರ್ತಿ ಕೊಟ್ಟಿರುವುದಿಲ್ಲ.

ಪ್ರಶ್ನೆ: ಕುದುರೆಮುಖವನ್ನು ಇರಾನಿನ ದೊರೆಗೆ ಮಾರಿದ್ದರು ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ಹೌದೇ?
- ವಿದ್ಯಾರ್ಥಿ, ಕಳಸ

ಉತ್ತರ: ಬೆಟ್ಟ ಮಾರಿರಲಿಲ್ಲ, ಬೆಳೆಗೆ ಮುಂಗಡ ಪಡೆದಿದ್ದರು. 1975ರ ಒಪ್ಪಂದದಂತೆ ಷಾ ಆಡಳಿತದ ಇರಾನ್ 63 ಕೋಟಿ ಡಾಲರ್ ಸಾಲ ಕೊಡುವುದು, ಎರಡು ದಶಕದಲ್ಲಿ 15 ಕೋಟಿ ಟನ್ ಅದಿರಿನ ಪುಡಿ ಒಯ್ಯುವುದು. ಗಣಿ ನಡೆಸಲು 1976ರಲ್ಲಿ ಕೇಂದ್ರ ಸರ್ಕಾರದ ಕಂಪನಿ ಹುಟ್ಟಿತು. 1979ರಲ್ಲಿ ಟೆಹರಾನಿನಲ್ಲಿ ಕ್ರಾಂತಿಯಾಗಿ ಷಾ ಗದ್ದುಗೆ ಹೋಯಿತು. ಸಾಲದ ಕಂತೂ ನಿಂತಿತು, ಗಿರಾಕಿಯೂ ಹೋದ. ಉಳಿದ ಹಣ ಭಾರತ ಸರ್ಕಾರವೇ ಹಾಕಿ 1980ರಲ್ಲಿ ಕೆಲಸ ಮುಗಿಸಿತು. ಆಮೇಲೆ ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಬೇಕಾಯಿತು. ಒಬ್ಬನೇ ಗಿರಾಕಿಯನ್ನು ನಂಬಿ ತೋಟ ಮಾಡಿದರೆ ಏನಾಗುತ್ತದೆಂದು ನಿಮ್ಮ ಅಜ್ಜನಿಗೆ ನಾನು ಹೇಳಬೇಕಿಲ್ಲ.

ಪ್ರಶ್ನೆ: ನಮ್ಮ ಮಾವ ಅಲ್ಲಿ ಕೆಲಸಕ್ಕಿದ್ದವರು. ಪರಿಸರದವರು ಕೋರ್ಟಿಗೆ ಹೋಗಿ ತುಂಬಿದ ಊರನ್ನು ಹಾಳು ಮಾಡಿದರು ಎಂದು ಇವತ್ತಿಗೂ ಬೇಸರಿಸುತ್ತಾರೆ. ತಮ್ಮ ಅಭಿಪ್ರಾಯ?
- ಗೃಹಿಣಿ, ಸುರತ್ಕಲ್

ಉತ್ತರ: ಮಾವನವರ ಬೇಸರ ಸುಳ್ಳಲ್ಲ. ಶಾಲೆ, ಆಸ್ಪತ್ರೆ, ಕ್ರೀಡಾಂಗಣ ಎಲ್ಲ ಇದ್ದ ಊರು ಅದು. ಆದರೆ ಇಸವಿಗಳನ್ನು ಸಾಲಾಗಿ ಇಟ್ಟು ನೋಡಿ. ಗಣಿ ಗುತ್ತಿಗೆ 1969ರದ್ದು, ಮೂವತ್ತು ವರ್ಷಕ್ಕೆ. ಅಂದರೆ 1999ಕ್ಕೆ ಅವಧಿ ಮುಗಿಯಿತು. ಅಷ್ಟರಲ್ಲಿ, 1987ರಲ್ಲಿ, ಸಿಂಗಳೀಕಗಳಿರುವ ಆ ಕಾಡು ರಾಷ್ಟ್ರೀಯ ಉದ್ಯಾನವಾಗಿತ್ತು. ಗುತ್ತಿಗೆ ಮುಂದುವರಿಸಬೇಕೆಂಬ ಪ್ರಯತ್ನ ನಡೆದಿದ್ದಾಗ ವನ್ಯಜೀವಿ ಕಾರ್ಯಕರ್ತ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರ ತೀರ್ಪು ಮರುದಿನವೇ ಬೀಗ ಹಾಕಿಸಲಿಲ್ಲ. ಆಗಲೇ ಅಗೆದ ಜಾಗದಲ್ಲಿ, ಮಳೆಗಾಳಿಗೆ ಶಿಥಿಲವಾದ ಮೇಲ್ಪದರದ ಅದಿರನ್ನಷ್ಟೇ 2005ರ ಕೊನೆಯವರೆಗೆ ತೆಗೆಯಲು ಬಿಟ್ಟಿತು.

ಈ ಷರತ್ತಿನಲ್ಲಿ ಭೂವಿಜ್ಞಾನ ಅಡಗಿದೆ. ಶಿಥಿಲ ಅದಿರು ಮೆದು, ಅರೆಯಲು ಸುಲಭ. ಅದರ ಅಡಿಯ ಮೂಲ ಅದಿರು ಕಬ್ಬಿಣದ ಕಡಲೆ. ಅದಕ್ಕೆ ಇಳಿಯಬೇಕಿದ್ದರೆ ಇನ್ನಷ್ಟು ಆಳ, ಇನ್ನಷ್ಟು ಕರೆಂಟು, ಲಕ್ಯಾಕ್ಕೆ ಇನ್ನಷ್ಟು ಹೂಳು. ತೀರ್ಪು ಸರಿ ಎನ್ನುವವನು ನಾನು. ಮೂವತ್ತು ವರ್ಷದ ಗುತ್ತಿಗೆ ಎಂದು ಗೊತ್ತಿದ್ದೂ ಮೂವತ್ತೊಂದನೇ ವರ್ಷಕ್ಕೆ ಕೆಲಸಗಾರರ ಗತಿ ಏನೆಂದು ಮೊದಲೇ ಗಟ್ಟಿಯಾಗಿ ಯೋಚಿಸಬೇಕಿತ್ತು. ಮಾವನವರ ಸಿಟ್ಟು ಆ ಕಡೆ ತಿರುಗಿದರೆ ನಾನೂ ಜೊತೆಗೆ ನಿಲ್ಲುತ್ತೇನೆ.

ಪ್ರಶ್ನೆ: ಮಕ್ಕಳಿಗೆ ತೋರಿಸಲು ಅಲ್ಲಿಂದ ಅದಿರಿನ ಒಂದು ತುಂಡು ತರಬಹುದೇ?
- ಕಾರ್ಕಳದ ಓದುಗರು

ಉತ್ತರ: ಬೇಡ. ರಾಷ್ಟ್ರೀಯ ಉದ್ಯಾನದಿಂದ ಕಲ್ಲನ್ನೂ ತರುವಂತಿಲ್ಲ. ನಡುದಾರಿಯಲ್ಲಿ ಕಾರು ನಿಲ್ಲಿಸುವುದಕ್ಕೂ ಬಿಡುವುದಿಲ್ಲ, ಗೇಟಿನಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ. ಮೊದಲ ಪತ್ರದ ಹುಡುಗನ ಹಾಗೆ ಉದ್ಯಾನದ ಹೊರಗೆ, ಕೆಳಗಿನ ಭದ್ರೆಯ ದಂಡೆಯಲ್ಲಿ ಹುಡುಕಿ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಹೋಗಿ, ಜೇಬಿನಲ್ಲಿ ಆಯಸ್ಕಾಂತ ಇರಲಿ. ದಾರದಲ್ಲಿ ಕಟ್ಟಿ ಇಳಿಬಿಟ್ಟರೆ ಕಪ್ಪು ಗೆರೆಯತ್ತ ಅದೇ ವಾಲುತ್ತದೆ.