ಬಿಕಾಂ ಬೇಕಾ, ಜರ್ಮನ್ ಬೇಕಾ?

ಪ್ರಶ್ನೆ: ನಾನು ದ್ವಿತೀಯ ಪಿಯುಸಿ, ಕಾಮರ್ಸ್. ಒಂದು ವರ್ಷದಿಂದ ಮೊಬೈಲ್ ಆ್ಯಪ್‌ನಲ್ಲಿ ಜರ್ಮನ್ ಕಲಿಯುತ್ತಿದ್ದೇನೆ. ಜರ್ಮನ್ ಭಾಷೆ, ಸಂಸ್ಕೃತಿಯಲ್ಲೇ ಡಿಗ್ರಿ ಮಾಡುವ ಆಸೆ. ಆದರೆ ಜರ್ಮನಿಯಲ್ಲೇ ಓದಬೇಕು. ಅಪ್ಪ ‘ಬಿಕಾಂ ಮಾಡು, ಭಾಷೆ ಸಂಜೆ ಕ್ಲಾಸಲ್ಲಿ ಕಲಿ’ ಅನ್ನುತ್ತಾರೆ. ಏನು ಮಾಡಲಿ?
– ವಿದ್ಯಾರ್ಥಿನಿ, ಹನುಮಂತನಗರ

ಉತ್ತರ: ಅಪ್ಪನ ಮಾತಲ್ಲಿ ಅರ್ಧ ಸರಿ ಇದೆ. ಸಂಜೆ ಕ್ಲಾಸಿಗೆ ಈಗಲೇ ಸೇರಿ. ಇನ್ನರ್ಧಕ್ಕೆ ಆಮೇಲೆ ಬರುತ್ತೇನೆ.

ಭಾಷೆ ಕಲಿಯುವುದು ಬೇರೆ, ಆ ಭಾಷೆಯಲ್ಲಿ ಡಿಗ್ರಿ ಮಾಡುವುದು ಬೇರೆ. ಕನ್ನಡ ಎಂಎ ಸೇರಿದವರಿಗೆ ಅಲ್ಲಿ ಯಾರೂ ಕನ್ನಡ ಮಾತಾಡಲು ಹೇಳಿಕೊಡುವುದಿಲ್ಲ. ಪಂಪ, ರನ್ನ, ಹಳಗನ್ನಡ ವ್ಯಾಕರಣ ಅಂತ ಶುರುವಾಗುತ್ತದೆ, ಅಲ್ವಾ? ಜರ್ಮನಿಯ ‘ಗೆರ್ಮಾನಿಸ್ಟಿಕ್’, ಅಂದರೆ ಜರ್ಮನ್ ಭಾಷೆ, ಸಾಹಿತ್ಯದ ಡಿಗ್ರಿ ಕೂಡ ಹಾಗೇ. ಮಧ್ಯಯುಗದ ಜರ್ಮನ್ ಪದ್ಯ ಕಂಡರೆ ಅಲ್ಲಿ ಹುಟ್ಟಿ ಬೆಳೆದ ಮಕ್ಕಳೇ ತಲೆ ಕೆರೆದುಕೊಳ್ಳುತ್ತಾರೆ. ಪಕ್ಕದ ಬೆಂಚಿನಲ್ಲಿ ನೀವು! ಅದಕ್ಕೇ ಸಾಮಾನ್ಯವಾಗಿ ಸಿ1 ಮಟ್ಟ ಕೇಳುತ್ತಾರೆ. ಎ1ರಿಂದ ಸಿ2ವರೆಗಿನ ಆರು ಮೆಟ್ಟಿಲಲ್ಲಿ ಅದು ಐದನೆಯದು. ನೀವು ಬಹುಶಃ ಮೊದಲನೆಯದರಲ್ಲೇ ಇದ್ದೀರಿ. ಬೇಜಾರಾಗಬೇಡಿ.

ನಾನೂ ಹೀಗೇ ಎಡವಿದವಳು. ಮೂರೇ ತಿಂಗಳಲ್ಲಿ ಮೂರು ಲೆವೆಲ್ ಮುಗಿಸಿಕೊಡುವ ಒಂದು ಕ್ಲಾಸಿಗೆ ದುಡ್ಡು ಸುರಿದೆ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕಿ ‘ಕಿಟಕಿಯಿಂದ ಏನು ಕಾಣುತ್ತದೆ?’ ಅಂದರು. ನಾನು ನನ್ನ ಹೆಸರು ಹೇಳಿದೆ. ಮತ್ತೆ ಎ1ರಿಂದ ಕೂತೆ. ಜರ್ಮನ್‌ನಲ್ಲಿ ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ಎರಡೂ ಅಲ್ಲ. ಹುಡುಗಿ ಅನ್ನುವ ‘ಮೆಡ್ಶೆನ್’ ಕೂಡ ನಪುಂಸಕಲಿಂಗ. ನಮ್ಮಜ್ಜಿ ‘ಹುಡುಗಿ ಬಂತು’ ಅನ್ನುತ್ತಿದ್ದಳು, ಹಾಗಾಗಿ ಅದೊಂದು ಸುಲಭವಾಗಿ ತಲೆಗೆ ಹೋಯಿತು. ಉಳಿದದ್ದಕ್ಕೆ ಟೈಮ್ ಹಿಡಿಯಿತು.

ಪಿಯುಸಿ ಮುಗಿಸಿ ಸೀದಾ ವಿಮಾನ ಹತ್ತುವ ಯೋಚನೆ ಬಿಡಿ. ಇಲ್ಲಿ ಡಿಗ್ರಿಯಲ್ಲಿ ಒಂದು ವರ್ಷವಾದರೂ ಓದದೆ ಅಲ್ಲಿನ ಯೂನಿವರ್ಸಿಟಿಗೆ ನೇರವಾಗಿ ಸೇರುವುದು ಕಷ್ಟ. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಸಾಮಾನ್ಯವಾಗಿ ಬೋಧನಾ ಶುಲ್ಕ ಇಲ್ಲ, ನಿಜ. ಆದರೆ ಹೈಡೆಲ್‌ಬರ್ಗ್, ಟ್ಯೂಬಿಂಗನ್ ಇರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಂದ ಸೆಮಿಸ್ಟರಿಗೆ 1,500 ಯೂರೋ ತಗೊಳ್ಳುತ್ತಾರೆ. ವೀಸಾಗೆ ಒಂದು ವರ್ಷದ ಖರ್ಚು, 11,904 ಯೂರೋ, ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆ) ತೋರಿಸಬೇಕು. ಹತ್ತು ಲಕ್ಷ ದಾಟುತ್ತದೆ. ಅಪ್ಪನಿಗೆ ಈ ಲೆಕ್ಕ ಮೊದಲೇ ಹೇಳಿಬಿಡಿ.

ಡಿಗ್ರಿ ನಮ್ಮ ದೇಶದಲ್ಲೇ ಮಾಡಬಹುದು. ಹೈದರಾಬಾದಿನ ಇಎಫ್‌ಎಲ್‌ಯು (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ಯೂನಿವರ್ಸಿಟಿ), ದೆಹಲಿಯ ಜೆಎನ್‌ಯು ಎರಡರಲ್ಲೂ ಜರ್ಮನ್ ಬಿಎ ಇದೆ. ಜೆಎನ್‌ಯುಗೆ ಸಿಯುಇಟಿ ಪ್ರವೇಶ ಪರೀಕ್ಷೆ ಬರೆಯಬೇಕು. ಆಮೇಲೆ ಎಂಎಗೆ ಜರ್ಮನಿ. ನಾನಾದರೆ ಇದೇ ದಾರಿ ಹಿಡಿಯುತ್ತೇನೆ.

ಕೆಲಸವೇ ಮುಖ್ಯ ಅಂದರೆ ಅಪ್ಪನ ಇನ್ನರ್ಧವೂ ಸರಿ. ಬಿಕಾಂ ಜೊತೆ ಜರ್ಮನ್ ಬಿ2, ಅಂದರೆ ನಾಲ್ಕನೇ ಮೆಟ್ಟಿಲು, ಇದ್ದರೆ ಬೆಂಗಳೂರಿನಲ್ಲಿ ಬರೀ ಬಿಎಗಿಂತ ಬೇಗ ಕೆಲಸ ಸಿಗುತ್ತದೆ. ನಿಮಗೆ ಯಾವುದು ಬೇಕು ಅಂತ ಆ್ಯಪ್ ಹೇಳುವುದಿಲ್ಲ. ಎ2 ಮುಗಿದ ಮೇಲೆ ನಿಘಂಟು ಇಟ್ಟುಕೊಂಡು ಒಂದು ಸಣ್ಣ ಜರ್ಮನ್ ಕತೆ ಓದಿ. ಒಂದು ಪುಟಕ್ಕೆ ಒಂದು ಗಂಟೆ ಹೋಗುತ್ತದೆ. ಎರಡನೇ ಪುಟ ತಿರುಗಿಸಬೇಕು ಅನ್ನಿಸಿದರೆ ಬಿಎ. ಇಲ್ಲದಿದ್ದರೆ ಬಿಕಾಂ, ಸಂಜೆ ಕ್ಲಾಸು.

ಯಾವ ದಾರಿ ಹಿಡಿದರೂ ಕನ್ನಡ ಬಿಡಬೇಡಿ. ಎಂಜಿ ರೋಡಿನ ಕಿಟೆಲ್ ಪ್ರತಿಮೆ ನೋಡಿರುತ್ತೀರಿ. 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟವರು ಅವರು. 1843ರಲ್ಲಿ ‘ಮಂಗಳೂರು ಸಮಾಚಾರ’ ಶುರು ಮಾಡಿದ ಮೋಗ್ಲಿಂಗ್ ಕೂಡ ಜರ್ಮನಿಯವರೇ. ಇವರನ್ನೆಲ್ಲ ಇಲ್ಲಿಗೆ ಕಳಿಸಿದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನ ಹಳೆ ಕಾಗದಪತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ. ಹಳೆ ಜರ್ಮನ್ ಕೈಬರಹ, ಒಳಗೆ ನಮ್ಮ ಧಾರವಾಡ, ಮಂಗಳೂರಿನ ಸುದ್ದಿ. ಎರಡೂ ಭಾಷೆ ಬಲ್ಲವರು ಎಷ್ಟು ಜನ ಸಿಗುತ್ತಾರೆ ಹೇಳಿ? ಜರ್ಮನಿಯ ವ್ಯೂರ್ಟ್ಸ್‌ಬರ್ಗ್ ಯೂನಿವರ್ಸಿಟಿಯಲ್ಲಿ ಕನ್ನಡವನ್ನೂ ಕಲಿಸುತ್ತಾರೆ. ಎಂಎ ಹೊತ್ತಿಗೆ ಆ ಹೆಸರು ನೆನಪಿರಲಿ.

ಸದ್ಯಕ್ಕೆ ಪರೀಕ್ಷೆ ಮುಗಿಸಿ. ಆಮೇಲೆ ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಎ1 ಕ್ಲಾಸ್ ವಿಚಾರಿಸಿ. ಹೋಗುವಾಗ ಅಪ್ಪನನ್ನೂ ಕರೆದುಕೊಂಡು ಹೋಗಿ.