ಘಾಟಿ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಗಿ, ಆಮೇಲೆ ತಾನೇ ಸರಿಹೋಯಿತು. ಕಾರು ಓಡಿಸಬಹುದೇ?

ಬ್ರೇಕ್ ಆಯಿಲ್ ಬದಲಿಸುವ ತನಕ ಮನೆಮಂದಿಯನ್ನು ಕೂರಿಸಿಕೊಂಡು ಹೊರಡಬೇಡಿ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಪೆಡಲ್ ನೆಲ ಮುಟ್ಟಿತು, ಅರ್ಧ ಗಂಟೆ ನಿಲ್ಲಿಸಿದ ಮೇಲೆ ಗಟ್ಟಿಯಾಯಿತು, ಗ್ಯಾರೇಜಿನಲ್ಲಿ ದೋಷವೇ ಸಿಗಲಿಲ್ಲ ಅಂದಿದ್ದೀರಿ. ತಣ್ಣಗಿರುವ ಕಾರಿನಲ್ಲಿ ಇದು ಸಿಗುವುದೂ ಕಷ್ಟ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ ಎಂದರೆ ಬ್ರೇಕ್ ಆಯಿಲಿನ ದರ್ಜೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು, ಶೇ. 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಇಳಿಜಾರಿನುದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟೇ ಬಂದರೆ ಕ್ಯಾಲಿಪರ್ (ಚಕ್ರದ ಡಿಸ್ಕಿಗೆ ಬ್ರೇಕ್ ಪ್ಯಾಡ್ ಒತ್ತುವ ಭಾಗ) ಕಾದು, ಒಳಗಿನ ಆಯಿಲ್ ಕುದಿದು ಆವಿಯ ಗುಳ್ಳೆಗಳೇಳುತ್ತವೆ. ನೀವು ಒತ್ತಿದ ಬಲವೆಲ್ಲ ಗುಳ್ಳೆ ಅದುಮುವುದರಲ್ಲೇ ಮುಗಿಯುತ್ತದೆ, ಪ್ಯಾಡಿಗೆ ತಲುಪುವುದಿಲ್ಲ. ತಣಿದರೆ ಗುಳ್ಳೆ ಮಾಯ, ಪೆಡಲ್ ಗಟ್ಟಿ. (ಪೆಡಲ್ ಗಟ್ಟಿಯಿದ್ದೂ ಕಾರು ನಿಲ್ಲದಿದ್ದರೆ ಅದು ಬೇರೆ: ಪ್ಯಾಡ್ ಅತಿಯಾಗಿ ಕಾದಿರುತ್ತದೆ, ಇಲ್ಲವೇ ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಕೈಕೊಟ್ಟಿರುತ್ತದೆ.)

ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿಗೆ ಹೊಸದನ್ನು ಮೇಲಿಂದ ಸುರಿಸಿದರೆ ಪ್ರಯೋಜನವಿಲ್ಲ. ನಾಲ್ಕೂ ಚಕ್ರದಲ್ಲಿ ಬ್ಲೀಡ್ ಮಾಡಿಸಿ, ಅಂದರೆ ಅಲ್ಲಿನ ತಿರುಪು ಸಡಿಲಿಸಿ ಹಳೆಯದನ್ನೆಲ್ಲ ಹೊರಗೆ ತೆಗೆಸಿ. ಸೀಲ್ ಒಡೆಯದ ಒಂದು ಲೀಟರ್ ಸಾಕಾಗುತ್ತದೆ. ಆ ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯದೇ ಇರಲಿ, ಸಿಲಿಕೋನಿನ ಡಾಟ್ 5 ಬೆರೆಸಲೇಬೇಡಿ. ಮುಂದೆಯೂ ಎರಡು ವರ್ಷಕ್ಕೊಮ್ಮೆ ಬದಲಿಸಿ. ಅದೇ ಹೊತ್ತಿಗೆ ಕ್ಯಾಲಿಪರ್ ಅತ್ತಿತ್ತ ಸರಿಯಲು ಇರುವ ಸ್ಲೈಡ್ ಪಿನ್ ಬಿಚ್ಚಿ ನೋಡಿಸಿ. ಪಿನ್ ಹಿಡಿದುಕೊಂಡಿದ್ದರೆ ಒಂದು ಪ್ಯಾಡ್ ಹೆಚ್ಚು ಸವೆದಿರುತ್ತದೆ, ಬ್ರೇಕ್ ಬಿಟ್ಟರೂ ಆ ಚಕ್ರ ಕಾಯುತ್ತಲೇ ಇರುತ್ತದೆ. ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಪರೀಕ್ಷೆ ನೀವೇ ಮಾಡಬಹುದು: ಎಂಜಿನ್ ಚಾಲೂ ಇಟ್ಟು ಪೆಡಲನ್ನು 30 ಸೆಕೆಂಡು ಒಂದೇ ಸಮ ಒತ್ತಿಹಿಡಿಯಿರಿ. ಮೆಲ್ಲಗೆ ಕೆಳಗಿಳಿಯುತ್ತಾ ಹೋದರೆ ಒಳಗಿನ ಸೀಲ್ ಹೋಗಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ.

ದಾರಿಯಲ್ಲೇ ಹೀಗಾದರೆ ಪೆಡಲನ್ನು ಬೇಗಬೇಗ ಪಂಪ್ ಮಾಡಿ, ಒಂದೊಂದೇ ಗೇರ್ ಇಳಿಸಿ. ಹ್ಯಾಂಡ್‌ಬ್ರೇಕ್ ಲಿವರಿನ ಗುಂಡಿ ಅದುಮಿಕೊಂಡೇ ಸ್ವಲ್ಪಸ್ವಲ್ಪವಾಗಿ ಎಳೆಯಿರಿ. ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಲಾಕ್ ಆಗಿ ಕಾರು ತಿರುಗುತ್ತದೆ. ಕಾರು ಪೂರ್ತಿ ನಿಲ್ಲುವವರೆಗೆ ಕೀ ಆಫ್ ಮಾಡಲೇಬೇಡಿ: ಪವರ್ ಸ್ಟಿಯರಿಂಗ್, ಬೂಸ್ಟರ್ ಎರಡೂ ಹೋಗುತ್ತವೆ. ಬೇರೆ ದಾರಿಯೇ ಇಲ್ಲದಿದ್ದರೆ ಕಣಿವೆಯ ಕಡೆಗಲ್ಲ, ಗುಡ್ಡದ ಕಡೆಗೆ ಒರೆಸಿಕೊಂಡು ನಿಲ್ಲಿಸಿ.

ಆಯಿಲ್ ಹೊಸದಾದರೂ ಘಾಟಿಯನ್ನು ಎರಡನೇ ಗೇರಿನಲ್ಲೇ ಇಳಿಯಿರಿ, ಆಟೋಮ್ಯಾಟಿಕ್ ಆದರೆ ಎಲ್ ಅಥವಾ 2ರಲ್ಲಿ. ನ್ಯೂಟ್ರಲ್‌ನಲ್ಲಿ ಬಿಟ್ಟರೆ ಭಾರವೆಲ್ಲ ಬ್ರೇಕಿನ ಮೇಲೇ ಬೀಳುತ್ತದೆ. ಸುಟ್ಟ ವಾಸನೆ ಬಂದ ಕೂಡಲೇ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ತಣಿಯಲು ಬಿಡಿ. ನೀರು ಮಾತ್ರ ಹಾಕಬೇಡಿ, ಕಾದ ಡಿಸ್ಕ್ ಸೊಟ್ಟಗಾಗಬಹುದು ಅಥವಾ ಬಿರುಕು ಬಿಡಬಹುದು.