ಓದುಗರ ಪ್ರಶ್ನೆ: ಕಂಪ್ಯೂಟರಿನಲ್ಲಿ ಖಗೋಳಶಾಸ್ತ್ರ

ಪ್ರಶ್ನೆ: ಭೌತಶಾಸ್ತ್ರ ಪದವಿ ಮಟ್ಟಕ್ಕೆ ಗೊತ್ತು, ಪ್ರೋಗ್ರಾಮಿಂಗ್ ಸೊನ್ನೆ. ಖಗೋಳ ದತ್ತಾಂಶದ ಮೇಲೆ ಕೆಲಸ ಮಾಡುವುದನ್ನು ಆನ್‌ಲೈನಿನಲ್ಲಿ ಕಲಿಯಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ಹುಡುಕಿದರೆ ಸಿಗುವ ಕೋರ್ಸುಗಳಲ್ಲಿ ಬಹಳಷ್ಟು ಚಂದದ ಚಿತ್ರ ತೋರಿಸಿ ಕಥೆ ಹೇಳುವಂಥವು. ಸರ್ಟಿಫಿಕೇಟಿನ ಮಾತು ಬಿಡಿ. ಅಸೈನ್‌ಮೆಂಟಿನಲ್ಲಿ ನಿಜವಾದ ದತ್ತಾಂಶ ಕೊಟ್ಟು ಕೋಡ್ ಬರೆಸುತ್ತಾರೆಯೇ ಎಂದಷ್ಟೇ ನೋಡಿ. ಸಿಡ್ನಿ ವಿಶ್ವವಿದ್ಯಾಲಯ ಕೋರ್ಸೆರಾದಲ್ಲಿ ಕೊಟ್ಟಿರುವ 'ಡೇಟಾ-ಡ್ರಿವನ್ ಆಸ್ಟ್ರಾನಮಿ' ಅಂಥದ್ದು. ಎರಡು ಕ್ಯಾಟಲಾಗುಗಳನ್ನು (ಆಕಾಶಕಾಯಗಳ ಪಟ್ಟಿಗಳನ್ನು) ತಾಳೆ ಹಾಕುವುದು, ಎಸ್‌ಕ್ಯೂಎಲ್ (ಡೇಟಾಬೇಸಿನಿಂದ ಬೇಕಾದ್ದನ್ನು ಕೇಳಿ ಪಡೆಯುವ ಭಾಷೆ), ಗೆಲಾಕ್ಸಿಗಳನ್ನು ಮೆಷಿನ್ ಲರ್ನಿಂಗ್‌ನಿಂದ ವಿಂಗಡಿಸುವುದು, ಎಲ್ಲವನ್ನೂ ಮಾಡಿಸುತ್ತದೆ. ಆದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಾರದೆ ಅದಕ್ಕೆ ಇಳಿದರೆ ಕೈಕಟ್ಟಿದಂತಾಗುತ್ತದೆ. ಮೊದಲು ಲೂಪ್, ಫಂಕ್ಷನ್, ಲೆಕ್ಕಕ್ಕೆ ನಂಪೈ, ನಕ್ಷೆಗೆ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಪೈಥಾನ್ ಪ್ಯಾಕೇಜುಗಳು ಕೈಗೆ ಹತ್ತಲಿ. ಅದಕ್ಕಿಂತ ಹೆಚ್ಚು ಈಗ ಬೇಡ.

ಜೊತೆಗೆ ಖಗೋಳಶಾಸ್ತ್ರದ ಪೈಥಾನ್ ಪ್ಯಾಕೇಜು ಆಸ್ಟ್ರೋಪೈನ ಉಚಿತ ಪಾಠಗಳನ್ನು ಮಾಡಿ. ಅದರಲ್ಲಿ ಯೂನಿಟ್ಸ್ (ಅಳತೆಯ ಮಾನಗಳು) ಪಾಠ ಸಪ್ಪೆ ಎನಿಸಿದರೂ ಹಾರಿಸಬೇಡಿ. ರೈಟ್ ಅಸೆನ್ಷನ್ (ಆಕಾಶದಲ್ಲಿ ರೇಖಾಂಶದಂಥ ಅಳತೆ) ಗಂಟೆಯಲ್ಲಿರಬಹುದು (1 ಗಂಟೆಗೆ 15 ಡಿಗ್ರಿ), ನಂಪೈನ ಸೈನ್ ಕೇಳುವುದು ರೇಡಿಯನ್, ನಕ್ಷತ್ರಗಳನ್ನು ಅಳೆದ ಗಯಾ ದೂರದರ್ಶಕದ ಪ್ಯಾರಲಾಕ್ಸ್ (ಭೂಮಿ ಸುತ್ತುವಾಗ ನಕ್ಷತ್ರ ಸರಿದಂತೆ ಕಾಣುವ ಕೋನ) ಇರುವುದು ಮಿಲಿ ಆರ್ಕ್‌ಸೆಕೆಂಡಿನಲ್ಲಿ. ಬೆರೆಸಿಬಿಟ್ಟರೆ ಪ್ರೋಗ್ರಾಂ ತಕರಾರು ಮಾಡುವುದಿಲ್ಲ, ಸದ್ದಿಲ್ಲದೆ ತಪ್ಪು ಉತ್ತರ ಕೊಡುತ್ತದೆ. 1000ವನ್ನು ಆ ಪ್ಯಾರಲಾಕ್ಸ್‌ನಿಂದ ಭಾಗಿಸಿದರೆ ದೂರ ಪಾರ್ಸೆಕ್‌ನಲ್ಲಿ ಬರುತ್ತದೆ, ನಿಜ. ಆದರೆ ಅಳತೆಯ ದೋಷ ಶೇ. 20 ದಾಟಿದಲ್ಲಿ ಈ ಭಾಗಾಕಾರವನ್ನು ನಂಬುವಂತಿಲ್ಲ. ಗಯಾ ಕ್ಯಾಟಲಾಗಿನಲ್ಲಿ ಋಣ (ಸೊನ್ನೆಗಿಂತ ಕಡಿಮೆಯ) ಪ್ಯಾರಲಾಕ್ಸ್‌ಗಳೂ ಇವೆ!

ಪ್ರಶ್ನೆ: ಗ್ರಹ ಹುಡುಕುವ ಟೆಸ್ ದೂರದರ್ಶಕದ, 2 ನಿಮಿಷಕ್ಕೊಂದು ಬಿಂದುವಿರುವ ಬೆಳಕಿನ ದತ್ತಾಂಶವನ್ನು ಲೈಟ್‌ಕರ್ವ್ ಎಂಬ ಪೈಥಾನ್ ಪ್ಯಾಕೇಜಿನಲ್ಲಿ 'ಫ್ಲ್ಯಾಟನ್' (ನಿಧಾನ ಏರಿಳಿತ ತೆಗೆದು ಸಮತಟ್ಟು) ಮಾಡಿದೆ. ಗ್ರಹದ ಸಂಕ್ರಮದ (ನಕ್ಷತ್ರದ ಮುಂದೆ ಹಾದು ಬೆಳಕು ತಗ್ಗಿಸುವುದರ) ತಗ್ಗೇ ಮಾಯ. ಏಕೆ?

ಉತ್ತರ: ವಿಂಡೋ (ಫಿಲ್ಟರ್ ಒಮ್ಮೆಗೆ ನೋಡುವ ಬಿಂದುಗಳ ಸಾಲು) ಚಿಕ್ಕದಾಯಿತು. ನೀವೇನೂ ಹೇಳದಿದ್ದರೆ ಅದು 101 ಬಿಂದು ತೆಗೆದುಕೊಳ್ಳುತ್ತದೆ, ಅಂದರೆ 202 ನಿಮಿಷ. ಸಂಕ್ರಮ 3 ಗಂಟೆಯದಾದರೆ ಫಿಲ್ಟರ್ ಅದನ್ನೂ ನಕ್ಷತ್ರದ ನಿಧಾನ ಏರಿಳಿತವೆಂದು ತಿಳಿದು ಒರೆಸಿಹಾಕುತ್ತದೆ. ಸಂಕ್ರಮದ ಅವಧಿಯ ಮೂರು ಪಟ್ಟಾದರೂ ಇಡಿ: 9 ಗಂಟೆಗೆ 270 ಬಿಂದು; ಬೆಸ ಸಂಖ್ಯೆಯೇ ಬೇಕಾದ್ದರಿಂದ 271. ಸಂಕ್ರಮದ ಸಮಯ ಮೊದಲೇ ಗೊತ್ತಿದ್ದರೆ ಆ ಬಿಂದುಗಳಿಗೆ ಮಾಸ್ಕ್ ಹಾಕುವುದು (ಫಿಲ್ಟರಿನ ಲೆಕ್ಕದಿಂದ ಹೊರಗಿಡುವುದು) ಇನ್ನೂ ಒಳ್ಳೆಯದು. ಗುಂಪಿನಿಂದ ದೂರ ಬಿದ್ದ ಬಿಂದುಗಳನ್ನು ತೆಗೆಯುವ 'ರಿಮೂವ್ ಔಟ್‌ಲೈಯರ್ಸ್' ಕೂಡ ಇದೇ ಅನಾಹುತ ಮಾಡಬಲ್ಲದು. ಮೇಲಕ್ಕೆ ಚಿಮ್ಮಿದ ಬಿಂದುಗಳನ್ನು ಮಾತ್ರ ತೆಗೆಯಿರಿ, ಕೆಳಗಿನ ಮಿತಿಯನ್ನು ತುಂಬಾ ಸಡಿಲ ಬಿಡಿ.

ಕೈ ಪಳಗಿಸಲು ವಾಸ್ಪ್-18 ಬಿ ಎಂಬ ಗ್ರಹ ತಕ್ಕದ್ದು. ನಕ್ಷತ್ರವನ್ನು ಒಂದು ಸುತ್ತು ಹಾಕುವ ಅವಧಿ 0.94 ದಿನ, ತಗ್ಗು ಸುಮಾರು ಶೇ. 1. ನಿಮ್ಮ ಹುಡುಕಾಟ 1.88 ದಿನ ಎಂದು ತೋರಿಸಿದರೆ ಗಾಬರಿ ಬೇಡ, ಅದು ಎರಡು ಪಟ್ಟಿನ ಅವಧಿ. ಅರ್ಧ ಮಾಡಿ ಮತ್ತೆ ಮಡಚಿ (ಎಲ್ಲ ಸುತ್ತುಗಳ ಬಿಂದುಗಳನ್ನು ಒಂದರ ಮೇಲೊಂದು ಕೂರಿಸಿ) ನೋಡಿ.